ಮನೆಯ ತಂತಿಯೊಳಗಿನ ಮಾತು
(ಕೂಟದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆಂದರೆ ಸಭಿಕರು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲುಗಳ ವಿಚಾರ ಕೇಳಲು ಮನಸ್ಸನ್ನು ಗಟ್ಟಿಮಾಡಿಕೊಂಡು ಬಂದಿರುತ್ತಾರೆ. ಊಟಕ್ಕೆ ಮುಂಚೆ ಆ ಮಾತುಗಳನ್ನಾಡಿ ತಮ್ಮ ಹೋಳಿಗೆಯ ರುಚಿ ಕೆಡಿಸುವ ಇಚ್ಛೆ ನಮಗಿಲ್ಲ. ಇಂದು ನಾವು ಆರಿಸಿಕೊಂಡಿರುವುದು ಬೇರೊಂದು ವಿಷಯ: ಮನೆಯ ಗೋಡೆಯೊಳಗೆ ಹುದುಗಿರುವ ವಿದ್ಯುತ್ ತಂತಿಗಳ ಮೂಲಕವೇ ದೀಪಗಳಿಗೂ ಉಪಕರಣಗಳಿಗೂ ಆಜ್ಞೆ ಕಳುಹಿಸುವ, ಆ ಆಜ್ಞೆಗಳನ್ನು ಗಣಕಯಂತ್ರದಿಂದ ನಡೆಸುವ ವಿದ್ಯೆಯ ಇತಿಹಾಸ. ಇದು ಎಂಜಿನಿಯರುಗಳ ಕ್ಷೇತ್ರ, ವೈದ್ಯರಿಗೇಕೆ ಇದರ ಗೊಡವೆ ಎಂದು ತಾವು ಕೇಳಬಹುದು. ಆರೋಗ್ಯವಂತರಿಗೆ ಆಟಿಕೆಯಾಗಿದ್ದ ಈ ಸಾಧನವು ಹಾಸಿಗೆ ಹಿಡಿದವರಿಗೆ ಕೈಯಾಗಿ ಪರಿಣಮಿಸಿದ್ದನ್ನು ನಾವು ನಮ್ಮ ವೃತ್ತಿಯಲ್ಲಿ ಹತ್ತಿರದಿಂದ ಕಂಡಿದ್ದೇವೆ. ಆದುದರಿಂದ ಈ ಇತಿಹಾಸವನ್ನು ನಾವು ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡುತ್ತೇವೆ: ಮನೆಯ ಸ್ವಿಚ್ಚು ನಿಜವಾಗಿ ಯಾರ ಕೈಯಲ್ಲಿದೆ?

1902ನೆಯ ಇಸವಿಯ ಎರಡು ಘಟನೆಗಳಿಂದ ಪ್ರಾರಂಭಿಸೋಣ. ಒಂದು ನಮ್ಮ ನಾಡಿನದು. ಶಿವನಸಮುದ್ರದ ಬಳಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು; ಮೂರು ವರ್ಷಗಳ ತರುವಾಯ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಎರಡನೆಯ ಘಟನೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನದು. ಊಟದ ಬಳಿಕ ಮೇದೋಜೀರಕ ಗ್ರಂಥಿಗೆ ರಸ ಸುರಿಸುವಂತೆ ಸುದ್ದಿ ಮುಟ್ಟುವುದು ನರಗಳ ಮೂಲಕವೆಂದು ಆವರೆಗೆ ನಂಬಲಾಗಿತ್ತು. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಯ ಸಣ್ಣ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ಅಲ್ಲಿ ಆಮ್ಲವನ್ನಿಟ್ಟು ನೋಡಿದರು. ನರವಿಲ್ಲದಿದ್ದರೂ ಗ್ರಂಥಿ ರಸ ಸುರಿಸಿತು! ಸುದ್ದಿ ಹೋದದ್ದು ರಕ್ತದ ಮೂಲಕ. ಆ ಸುದ್ದಿಗಾರ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಾಯಿತು. ಅಂತಹ ವಸ್ತುಗಳಿಗೆಲ್ಲ ‘ಹಾರ್ಮೋನು’ ಎಂಬ ಪದವನ್ನು ಸ್ಟಾರ್ಲಿಂಗ್ 1905ರಲ್ಲಿ ಬಳಕೆಗೆ ತಂದರು.

ಕೋಲಾರದ ತಂತಿ ಶಕ್ತಿಯನ್ನು ಹೊತ್ತಿತು. ಲಂಡನ್ನಿನ ಪ್ರಯೋಗವು, ಆಹಾರವನ್ನು ಹೊರುವ ದಾರಿಯೇ ಸುದ್ದಿಯನ್ನೂ ಹೊರಬಲ್ಲದೆಂದು ತೋರಿಸಿತು. ನಮ್ಮ ಇಂದಿನ ಕಥೆ ಈ ಎರಡೂ ಕೂಡಿದ್ದರಿಂದ ಹುಟ್ಟಿದುದು. ಶರೀರದಲ್ಲಿ ಸುದ್ದಿ ಕಳುಹಿಸಲು ಎರಡು ಮಾರ್ಗಗಳಿವೆ. ನರದ ಮಾರ್ಗದಲ್ಲಿ ಪ್ರತಿಯೊಂದು ಸ್ನಾಯುವಿಗೂ ತನ್ನದೇ ಆದ ತಂತಿ. ವೇಗ ಹೆಚ್ಚು, ಗುರಿ ಖಚಿತ, ಆದರೆ ಕಟ್ಟುವ ಖರ್ಚು ಅಪಾರ. ಹಾರ್ಮೋನಿನ ಮಾರ್ಗದಲ್ಲಿ ಹೊಸ ದಾರಿ ಬೇಕಿಲ್ಲ. ಇದ್ದ ರಕ್ತನಾಳಕ್ಕೇ ಸುದ್ದಿಯನ್ನು ಬಿಟ್ಟರೆ ಅದು ಮೈಯೆಲ್ಲ ಸುತ್ತುತ್ತದೆ. ತಕ್ಕ ಗ್ರಾಹಕವಿರುವ ಜೀವಕೋಶ ಮಾತ್ರ ಅದಕ್ಕೆ ಓಗೊಡುತ್ತದೆ, ಉಳಿದವು ಕಿವುಡಾಗಿರುತ್ತವೆ. ಮನೆಯ ದೀಪಗಳನ್ನು ಒಂದೆಡೆಯಿಂದ ಆಳಬೇಕೆಂದವರ ಮುಂದೆಯೂ ಇವೇ ಎರಡು ಮಾರ್ಗಗಳಿದ್ದವು.

ತಂತಿಗೆ ಹಾರ್ಮೋನಿನ ಗುಣ ಕೊಡುವ ಯತ್ನ ಬಹು ಹಿಂದಿನದು. ಅಮೆರಿಕದ ಸೈನ್ಯದ ಸಂಪರ್ಕ ದಳದ ಮುಖ್ಯಸ್ಥರಾಗಿದ್ದ ಜಾರ್ಜ್ ಓವನ್ ಸ್ಕ್ವಯರ್ ಎಂಬ ಸೇನಾಧಿಕಾರಿ, ಒಂದೇ ತಂತಿಯ ಮೇಲೆ ಬೇರೆಬೇರೆ ಕಂಪನಗಳ ಅಲೆಗಳನ್ನು ಹರಿಸಿ ಹಲವು ಮಾತುಗಳನ್ನು ಏಕಕಾಲಕ್ಕೆ ಕಳುಹಿಸಬಹುದೆಂದು 1910ರ ಸುಮಾರಿಗೆ ತೋರಿಸಿದರು. 1920ರ ದಶಕದಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ಮನೆಗಳ ವಿದ್ಯುತ್ ತಂತಿಯ ಮೂಲಕವೇ ಸಂಗೀತವನ್ನು ಒದಗಿಸುವ ಪ್ರಯೋಗ ನಡೆಯಿತು. ರೇಡಿಯೋ ಅಗ್ಗವಾದಂತೆ ಮನೆಗಳಲ್ಲಿ ಅದು ನೆಲೆಯೂರಲಿಲ್ಲ. ಆ ಉದ್ಯಮವೇ ಮುಂದೆ, 1934ರಲ್ಲಿ, ‘ಮ್ಯೂಝಾಕ್’ ಎಂಬ ಹೆಸರು ತಳೆದು ಹೋಟೆಲು, ಲಿಫ್ಟು, ಕಚೇರಿಗಳ ಹಿನ್ನೆಲೆ ಸಂಗೀತವಾಯಿತು. ವಿದ್ಯುತ್ ಕಂಪನಿಗಳಿಗಾದರೋ ಈ ವಿದ್ಯೆ ಚೆನ್ನಾಗಿ ಒಗ್ಗಿತು. ಭಾರತದ ವಿದ್ಯುತ್ ಮಂಡಳಿಗಳೂ ಉಪಕೇಂದ್ರಗಳ ನಡುವೆ ಮಾತನಾಡಲು ಹೈ-ಟೆನ್ಷನ್ ತಂತಿಗಳನ್ನೇ ಬಳಸುತ್ತ ಬಂದವು. ಊರ ಹೊರಗಿನ ಉಪಕೇಂದ್ರದಲ್ಲಿ ತಂತಿಗೆ ನೇತುಹಾಕಿದ ಪೀಪಾಯಿಯಂತಹ ದಪ್ಪ ಸುರುಳಿಯನ್ನು ಬಸ್ಸಿನ ಕಿಟಕಿಯಿಂದ ತಾವು ಕಂಡಿರಬಹುದು. ವಿದ್ಯುತ್ತನ್ನು ಒಳಗೆ ಬಿಟ್ಟು, ಮಾತಿನ ಅಲೆಯನ್ನು ಅಲ್ಲೇ ತಡೆದು ಮಾತಿನ ಉಪಕರಣದ ಕಡೆಗೆ ತಿರುಗಿಸುವುದು ಅದರ ಕೆಲಸ.

ಮನೆಯೊಳಗೆ ಮೊದಲು ಕಾಲಿಟ್ಟದ್ದು ಮಾತ್ರ ನರದ ಮಾರ್ಗವೇ. 1966ರಲ್ಲಿ ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಜಿಮ್ ಸದರ್‌ಲ್ಯಾಂಡ್ ಎಂಬವರು ಕಾರ್ಖಾನೆಯಲ್ಲಿ ಮಿಕ್ಕ ಬಿಡಿಭಾಗಗಳಿಂದ ‘ಎಕೋ-4’ ಎಂಬ ಗಣಕಯಂತ್ರವನ್ನು ತಮ್ಮ ಮನೆಯಲ್ಲೇ ಕಟ್ಟಿದರು. ಸುಮಾರು 360 ಕಿಲೋ ತೂಕದ ಆ ಯಂತ್ರವು ಗಡಿಯಾರಗಳನ್ನು ನಡೆಸಿ, ಅಂಗಡಿಯ ಸಾಮಾನಿನ ಪಟ್ಟಿಯನ್ನು ನೆನಪಿಟ್ಟು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆದರೆ ಎಂಜಿನಿಯರನಲ್ಲದ ಗೃಹಸ್ಥನೊಬ್ಬ ಅಂತಹುದನ್ನು ಮನೆಗೆ ತರುವ ಹಾಗಿರಲಿಲ್ಲ; ತಂದರೂ ಗೋಡೆ ಒಡೆದು ಕೋಣೆಕೋಣೆಗೆ ಹೊಸ ತಂತಿ ಎಳೆಯಬೇಕಿತ್ತು. ಸಾಮಾನ್ಯರ ಮನೆಯ ಬಾಗಿಲು ತೆರೆದದ್ದು ಇನ್ನೊಂದು ಮಾರ್ಗದಿಂದ, ಇನ್ನೊಂದು ದೇಶದಿಂದ.

ಸ್ಕಾಟ್ಲೆಂಡಿನ ಗ್ಲೆನ್‌ರಾಥಿಸ್ ಎಂಬ ಊರಿನಲ್ಲಿ 1970ರಲ್ಲಿ ಪೀಕೋ ಇಲೆಕ್ಟ್ರಾನಿಕ್ಸ್ ಎಂಬ ಪುಟ್ಟ ಕಂಪನಿ ಹುಟ್ಟಿತು. ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿಯನ್ನು ಬಿಟ್ಟುಬಂದ ಎಂಜಿನಿಯರುಗಳು ಅದನ್ನು ಕಟ್ಟಿದರು. ಕ್ಯಾಲ್ಕುಲೇಟರಿನ ಇಡೀ ಕೆಲಸವನ್ನು ಒಂದೇ ಚಿಪ್ಪಿನಲ್ಲಿ ಅಡಗಿಸುವುದು ಅವರ ಹೆಗ್ಗಳಿಕೆ. ಪ್ರತಿಯೊಂದು ಯೋಜನೆಗೂ ಅವರು ‘ಎಕ್ಸ್’ ಅಕ್ಷರದೊಡನೆ ಒಂದು ಕ್ರಮಸಂಖ್ಯೆ ಕೊಡುತ್ತಿದ್ದರು. ಮೊದಲ ಎಂಟು ಯೋಜನೆಗಳು ಕ್ಯಾಲ್ಕುಲೇಟರಿನವು. ಒಂಬತ್ತನೆಯದು ಬಿ.ಎಸ್.ಆರ್. ಎಂಬ ಗ್ರಾಮಫೋನ್ ತಯಾರಕರಿಗಾಗಿ ಮಾಡಿದ, ಬೇಕಾದ ಹಾಡನ್ನು ದೂರದಿಂದಲೇ ಆರಿಸಿ ನುಡಿಸಬಲ್ಲ ಯಂತ್ರ. ಗ್ರಾಮಫೋನನ್ನು ದೂರದಿಂದ ನಡೆಸಬಹುದಾದರೆ ದೀಪವನ್ನೇಕೆ ನಡೆಸಬಾರದು ಎಂಬ ಯೋಚನೆಯಿಂದ 1975ರಲ್ಲಿ ಹತ್ತನೆಯ ಯೋಜನೆ ಮೊಳೆಯಿತು. ಅದೇ ‘ಎಕ್ಸ್-10’. 1978ರಲ್ಲಿ ಅಮೆರಿಕದ ಸಿಯರ್ಸ್ ಮತ್ತು ರೇಡಿಯೋ ಶಾಕ್ ಅಂಗಡಿಗಳಿಗೆ ಅದರ ಉಪಕರಣಗಳು ಬಂದವು: ಹದಿನಾರು ಗುಂಡಿಗಳ ಒಂದು ಆಜ್ಞಾಪೆಟ್ಟಿಗೆ, ದೀಪಕ್ಕೊಂದು ಮಾಡ್ಯೂಲ್, ಇತರ ಉಪಕರಣಗಳಿಗೊಂದು ಮಾಡ್ಯೂಲ್. ಗೋಡೆಯ ಪ್ಲಗ್ಗಿಗೆ ಮಾಡ್ಯೂಲನ್ನು ಸಿಕ್ಕಿಸುವುದು, ಮಾಡ್ಯೂಲಿಗೆ ದೀಪವನ್ನು ಸಿಕ್ಕಿಸುವುದು, ಕೆಲಸ ಇಷ್ಟೇ. ಎಲೆಕ್ಟ್ರಿಷಿಯನ್ನನ್ನು ಕರೆಯಬೇಕಾಗಿಲ್ಲ, ಬಾಡಿಗೆಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಕಾಗಿಲ್ಲ.

ಇದರ ಒಳಗುಟ್ಟು ಬಹು ಸರಳವಾದುದು, ಅಷ್ಟೇ ಚತುರವಾದುದು. ಅಮೆರಿಕದ ಮನೆಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳಂತೆ ಏರಿಳಿಯುತ್ತದೆ. ಪ್ರತಿ ಆವರ್ತದಲ್ಲಿ ಎರಡು ಬಾರಿ ಅದರ ವೋಲ್ಟೇಜು ಶೂನ್ಯಬಿಂದುವನ್ನು ಹಾದುಹೋಗುತ್ತದೆ. ಆ ಗಳಿಗೆಯಲ್ಲಿ ತಂತಿಯ ಗದ್ದಲ ತಗ್ಗಿರುತ್ತದೆ. ಎರಡು ಉಸಿರುಗಳ ನಡುವಣ ಬಿಡುವಿನಂತೆ ಎನ್ನಬಹುದು. ಆ ಬಿಡುವಿನಲ್ಲಿ 120 ಕಿಲೋಹರ್ಟ್ಸ್ ಕಂಪನದ ಸಣ್ಣದೊಂದು ಅಲೆಯನ್ನು ಒಂದು ಮಿಲಿಸೆಕೆಂಡು ಕಾಲ ತಂತಿಗೆ ಬಿಡಲಾಗುತ್ತದೆ. ಒಂದು ಶೂನ್ಯಬಿಂದುವಿನಲ್ಲಿ ಅಲೆಯಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಅದು ಅಂಕೆ ‘1’. ಮೊದಲು ಇಲ್ಲದೆ ಮುಂದಿನದರಲ್ಲಿ ಇದ್ದರೆ ಅಂಕೆ ‘0’. ಪ್ರತಿ ಮಾಡ್ಯೂಲಿನ ಮೇಲೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಎರಡು ಪುಟ್ಟ ಚಕ್ರಗಳಿರುತ್ತವೆ: ಒಂದರಲ್ಲಿ ಮನೆಯ ಗುರುತಾಗಿ ‘ಎ’ಯಿಂದ ‘ಪಿ’ವರೆಗಿನ 16 ಇಂಗ್ಲಿಷ್ ಅಕ್ಷರಗಳು, ಇನ್ನೊಂದರಲ್ಲಿ 1ರಿಂದ 16ರವರೆಗಿನ ಸಂಖ್ಯೆಗಳು. ಒಟ್ಟು 256 ವಿಳಾಸಗಳು. ಸುದ್ದಿ ಮನೆಯ ಎಲ್ಲ ಪ್ಲಗ್ಗುಗಳನ್ನೂ ಮುಟ್ಟುತ್ತದೆ. ವಿಳಾಸ ಹೊಂದಿದ ಮಾಡ್ಯೂಲ್ ಮಾತ್ರ ಎದ್ದು ನಡೆಯುತ್ತದೆ. ಹಾರ್ಮೋನಿಗೂ ಗ್ರಾಹಕಕ್ಕೂ ಇರುವ ಸಂಬಂಧವೇ ಇದು. ಗದ್ದಲದಲ್ಲಿ ಸುದ್ದಿ ಕಳೆದುಹೋಗದಿರಲೆಂದು ಅದನ್ನು ಎರಡು ಸಲ ಹೇಳಲಾಗುತ್ತದೆ. ವಿಳಾಸವೂ ಆಜ್ಞೆಯೂ ಸೇರಿ ಒಟ್ಟು 47 ಆವರ್ತಗಳು, ಅಂದರೆ ಸುಮಾರು 0.8 ಸೆಕೆಂಡು. ನರದ ಚುರುಕು ಇದಕ್ಕಿಲ್ಲ. ದೀಪ ಹಚ್ಚಲು ಅದು ಬೇಕಾಗಿಯೂ ಇಲ್ಲ.

ಇದರ ದೋಷಗಳೂ ಹಾರ್ಮೋನಿನ ಮಾರ್ಗದ ದೋಷಗಳೇ. ಮೊದಲನೆಯದು, ಸುದ್ದಿ ಮುಟ್ಟಿತೆಂಬ ಮರುತ್ತರ ಬರುವುದಿಲ್ಲ. ದೀಪ ಹತ್ತಿತೋ ಇಲ್ಲವೋ ಕಣ್ಣಿನಿಂದಲೇ ನೋಡಬೇಕು. ಎರಡನೆಯದು, ಅಮೆರಿಕದ ಮನೆಗೆ ಟ್ರಾನ್ಸ್‌ಫಾರ್ಮರಿನಿಂದ 120 ವೋಲ್ಟಿನ ಎರಡು ಕವಲುಗಳು ಬರುತ್ತವೆ. ಒಂದು ಕವಲಿನಲ್ಲಿ ಹೇಳಿದ ಮಾತು ಇನ್ನೊಂದನ್ನು ಮುಟ್ಟಬೇಕಾದರೆ ಮನೆಯಿಂದ ಹೊರಬಿದ್ದು ಟ್ರಾನ್ಸ್‌ಫಾರ್ಮರಿನವರೆಗೆ ಹೋಗಿ ಹಿಂದಿರುಗಬೇಕು. ಅಷ್ಟರಲ್ಲಿ ಅದು ಬಳಲಿಹೋಗಿರುತ್ತದೆ. ಅಡುಗೆಯ ವಿದ್ಯುತ್ ಒಲೆ ಹಚ್ಚಿದಾಗ ಮಾತ್ರ ಮಹಡಿಯ ದೀಪ ಮಾತು ಕೇಳುತ್ತಿದ್ದ ಮನೆಗಳಿದ್ದವು. ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಒಲೆಯ ಸುರುಳಿ ಎರಡೂ ಕವಲುಗಳಿಗೆ ಕೂಡಿಕೊಂಡಿರುವುದರಿಂದ ಅದು ಸುದ್ದಿಗೆ ಸೇತುವೆಯಾಗುತ್ತಿತ್ತು. ಮೂರನೆಯದು, ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ಎರಡು ಮನೆಗಳವರು ಒಂದೇ ಅಕ್ಷರವನ್ನಿಟ್ಟುಕೊಂಡಿದ್ದರೆ ಪಕ್ಕದವರ ಗುಂಡಿಗೆ ಇವರ ದೀಪ ಹತ್ತುತ್ತಿತ್ತು. ಬೀಗಮುದ್ರೆಯೊಂದೂ ಇರಲಿಲ್ಲ; ಮನೆಯ ಹೊರಗಿನ ಪ್ಲಗ್ಗಿಗೆ ಆಜ್ಞಾಪೆಟ್ಟಿಗೆಯನ್ನು ಸಿಕ್ಕಿಸಿದವನೂ ಒಳಗಿನ ದೀಪವನ್ನು ಆಳಬಹುದಿತ್ತು.

ಗಣಕಯಂತ್ರ ಇದಕ್ಕೆ ಜೊತೆಯಾದ ಬಗೆ ಸ್ವಾರಸ್ಯಕರವಾಗಿದೆ. ಮೊದಲ ಎಕ್ಸ್-10 ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿವ ರಿಮೋಟಿನಿಂದಲೂ ನಡೆಸಬಹುದಿತ್ತು. ಆ ರಿಮೋಟು ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯಲ್ಲಿ ಮಾತನಾಡುತ್ತಿತ್ತು. ಹವ್ಯಾಸಿ ಎಂಜಿನಿಯರುಗಳ ಪ್ರಿಯ ಲೇಖಕ ಸ್ಟೀವ್ ಸಿಯಾರ್ಸಿಯಾ 1980ರ ಜನವರಿಯ ‘ಬೈಟ್’ ಪತ್ರಿಕೆಯಲ್ಲಿ, ಗಣಕಯಂತ್ರಕ್ಕೆ ಅದೇ ಧ್ವನಿಯನ್ನು ಹೊರಡಿಸಲು ಕಲಿಸಿ ಮನೆಯನ್ನು ನಡೆಸುವ ವಿಧಾನವನ್ನು ಬರೆದರು. ಕಂಪನಿ ಕೊಡದ ಬಾಗಿಲನ್ನು ಹವ್ಯಾಸಿಗಳು ತಾವೇ ಕೊರೆದುಕೊಂಡರು. ಅದೇ ದಶಕದಲ್ಲಿ ‘ಸಿ.ಪಿ.290’ ಎಂಬ ಪೆಟ್ಟಿಗೆಯನ್ನು ಕಂಪನಿಯೇ ಹೊರತಂದಿತು. ಗಣಕಯಂತ್ರದಲ್ಲಿ ದಿನಚರಿಯನ್ನು ಬರೆದು ಪೆಟ್ಟಿಗೆಗೆ ತುಂಬಿದರೆ ಮುಗಿಯಿತು: ಸಂಜೆ ಆರಕ್ಕೆ ಜಗುಲಿಯ ದೀಪ ಹತ್ತಲಿ, ಹನ್ನೊಂದಕ್ಕೆ ಎಲ್ಲವೂ ಆರಲಿ ಎಂಬಂತಹ 128 ಆಜ್ಞೆಗಳನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಬಳಿಕ ಗಣಕಯಂತ್ರವನ್ನು ಆರಿಸಿ ಬೇರೆ ಕೆಲಸಕ್ಕೆ ಒಯ್ಯಬಹುದಿತ್ತು. 1990ರ ದಶಕದಲ್ಲಿ ಬಂದ ‘ಸಿ.ಎಂ.11’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಂತಿಯ ಮೇಲೆ ಇತರರು ಆಡಿದ ಮಾತನ್ನೂ ಆಲಿಸಿ ಗಣಕಯಂತ್ರಕ್ಕೆ ತಿಳಿಸತೊಡಗಿತು. ಅದರೊಡನೆ ಮಾತನಾಡುವ ವಿಧಾನವನ್ನು ಕಂಪನಿ ಬಹಿರಂಗಪಡಿಸಿದ್ದರಿಂದ ಊರೂರ ಹವ್ಯಾಸಿಗಳು ತಮಗೆ ಬೇಕಾದ ಪ್ರೋಗ್ರಾಂಗಳನ್ನು ಬರೆದುಕೊಂಡರು.

ಇಲ್ಲಿಯವರೆಗಿನದು ಆರೋಗ್ಯವಂತರ ಕಥೆ. ಎದ್ದು ಹೋಗಿ ಸ್ವಿಚ್ಚು ಒತ್ತಬಲ್ಲವನು ಒತ್ತದೆ ಕುಳಿತಿರುವುದಕ್ಕೆ ಇಷ್ಟು ಸಾಹಸವೇಕೆ ಎಂದು ನಗುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ನಗು ನಿಲ್ಲುವ ಸ್ಥಳ ಆಸ್ಪತ್ರೆಯ ಪುನರ್ವಸತಿ ವಿಭಾಗ. ಕತ್ತಿನ ನಾಲ್ಕನೆಯ ಕಶೇರುವಿನ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ತುಂಡಾದರೆ ಕೈಕಾಲು ನಾಲ್ಕೂ ನಿಶ್ಚೇಷ್ಟಿತವಾಗುತ್ತವೆ. ಬುದ್ಧಿ, ದೃಷ್ಟಿ, ಮಾತು ಮೊದಲಿನಂತೆಯೇ ಉಳಿಯುತ್ತವೆ. ಇಂತಹವರಿಗಾಗಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1960ರ ದಶಕದ ಆರಂಭದಲ್ಲಿ ರೆಜ್ ಮೇಲಿಂಗ್ ಎಂಬವರು ಒಂದು ಯಂತ್ರವನ್ನು ರೂಪಿಸಿದರು. ಬಾಯಲ್ಲಿಟ್ಟ ನಳಿಕೆಯನ್ನು ಹೀರಿ ಅಥವಾ ಊದಿ ರೋಗಿ ದೀಪ, ರೇಡಿಯೋ, ಕರೆಗಂಟೆಗಳನ್ನು ನಡೆಸಬಹುದಿತ್ತು. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ಪಾಸಮ್’ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ‘ನನ್ನಿಂದ ಸಾಧ್ಯ’ ಎಂದು ಅರ್ಥ. ಆದರೆ ಯಂತ್ರದಿಂದ ಒಂದೊಂದು ಉಪಕರಣಕ್ಕೂ ಪ್ರತ್ಯೇಕ ತಂತಿ ಎಳೆಯುವ ಪದ್ಧತಿ ಆಸ್ಪತ್ರೆಯ ಮಂಚಕ್ಕೆ ಒಗ್ಗಿದಷ್ಟು ರೋಗಿಯ ಸ್ವಂತ ಮನೆಗೆ ಒಗ್ಗುವಂತಹುದಲ್ಲ. ಎಕ್ಸ್-10 ಬಂದ ಮೇಲೆ ಆ ತಂತಿಗಳ ಗೋಜು ತಪ್ಪಿತು. ಊದುವ ನಳಿಕೆಯನ್ನು ಆಜ್ಞಾಪೆಟ್ಟಿಗೆಗೆ ಹೊಂದಿಸಿದರೆ ಸಾಕು, ಮನೆಯ ಯಾವ ಪ್ಲಗ್ಗಾದರೂ ರೋಗಿಯ ಅಂಕೆಗೆ ಬರುತ್ತಿತ್ತು.

ನಮ್ಮ ನಾಡಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ 1990ರ ದಶಕದ ವರ್ಷಗಳಲ್ಲಿ ನಾವು ಅಂತಹ ಒಬ್ಬ ಯುವಕನನ್ನು ಕಂಡೆವು. ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಧುಮುಕಿ ಕತ್ತು ಮುರಿದುಕೊಂಡಿದ್ದನು. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿಯದೇ ಕಷ್ಟ. ಬೆನ್ನುಹುರಿ ಕಡಿದವರಿಗೆ ಗಾಯದ ಮಟ್ಟದಿಂದ ಕೆಳಗೆ ಬೆವರು ಬರುವುದಿಲ್ಲ, ಮೈಯ ಶಾಖ ತಾನಾಗಿ ಹತೋಟಿಗೆ ಬರುವುದಿಲ್ಲ. ಫ್ಯಾನು ಅವರಿಗೆ ಸುಖದ ವಸ್ತುವಲ್ಲ, ಚಿಕಿತ್ಸೆಯ ಭಾಗ. ಮನೆಗೆ ಹೋದ ಬಳಿಕ ಫ್ಯಾನು ಹಾಕಲು, ಆರಿಸಲು, ದೀಪ ತೆಗೆಯಲು ತಾಯಿ ರಾತ್ರಿ ನಾಲ್ಕಾರು ಬಾರಿ ಏಳುತ್ತಿದ್ದರು. ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ನಳಿಕೆಯೊಂದಿಗೆ ನಾಲ್ಕು ಎಕ್ಸ್-10 ಮಾಡ್ಯೂಲುಗಳನ್ನು ಹೊಂದಿಸಿಕೊಟ್ಟರು. ಮುಂದಿನ ಭೇಟಿಯಲ್ಲಿ, ಉಪಕರಣ ಹೇಗಿದೆಯಪ್ಪ ಎಂದು ವಿಚಾರಿಸಿದೆವು. “ದೀಪ ಹಾಕಬಲ್ಲೆನೆಂಬುದು ದೊಡ್ಡದಲ್ಲ ಡಾಕ್ಟರೆ, ಅಮ್ಮನನ್ನು ಎಬ್ಬಿಸಬೇಕಾಗಿಲ್ಲವಲ್ಲ, ಅದು ದೊಡ್ಡದು” ಎಂದನು. ವೈದ್ಯಶಾಸ್ತ್ರದ ಗ್ರಂಥಗಳು ಸ್ವಾವಲಂಬನೆಯನ್ನು ಅಂಕಗಳಿಂದ ಅಳೆಯುತ್ತವೆ. ಅಂದು ಆ ಯುವಕ ಹೇಳಿದ ಅಳತೆ ಯಾವ ಗ್ರಂಥದಲ್ಲಿಯೂ ನಮಗೆ ದೊರೆತಿರಲಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಸೇರಿಸುತ್ತೇವೆ. ಪ್ರಾಣ ನಿಂತಿರುವ ಉಪಕರಣಗಳನ್ನು, ಉದಾಹರಣೆಗೆ ಉಸಿರಾಟದ ಯಂತ್ರವನ್ನು, ಇಂತಹ ವ್ಯವಸ್ಥೆಗೆ ಒಪ್ಪಿಸಬಾರದು. ಮರುತ್ತರವಿಲ್ಲದ ಸುದ್ದಿಯನ್ನು ನಂಬಿ ದೀಪ ಹಚ್ಚಬಹುದು, ಪ್ರಾಣವನ್ನು ಒತ್ತೆಯಿಡಲಾಗದು. ಯಾವ ಸಾಧನಕ್ಕೆ ಎಷ್ಟು ಭಾರ ಹೊರಿಸಬೇಕೆಂಬ ವಿವೇಕವು ಔಷಧಿಯ ಪ್ರಮಾಣದಷ್ಟೇ ಮುಖ್ಯ.

ಎಕ್ಸ್-10 ಹಿಂದೆ ಬಿದ್ದುದಕ್ಕೆ ಕಾರಣಗಳು ಹಲವು. ಮನೆಗಳಲ್ಲಿ ಗಣಕಯಂತ್ರಗಳೂ ಅವುಗಳ ವಿದ್ಯುತ್ ಪೆಟ್ಟಿಗೆಗಳೂ ಹೆಚ್ಚಿದಂತೆ ಅವುಗಳೊಳಗಿನ ಶೋಧಕಗಳು ಆ ಸಣ್ಣ ಅಲೆಯನ್ನು ನುಂಗತೊಡಗಿದವು. ಹಳೆಯ ಬಲ್ಬು ಹೋಗಿ ಸಿ.ಎಫ್.ಎಲ್., ಎಲ್.ಇ.ಡಿ.ಗಳು ಬಂದ ಮೇಲೆ ಹಳೆಯ ದೀಪ ಮಾಡ್ಯೂಲುಗಳಿಗೆ ಅವನ್ನು ಆಳುವುದು ಕಷ್ಟವಾಯಿತು. ಉತ್ತಮವಾದ ಸಾರ್ವತ್ರಿಕ ಭಾಷೆಯೊಂದನ್ನು ಕಟ್ಟಬೇಕೆಂದು ಅಮೆರಿಕದ ಇಲೆಕ್ಟ್ರಾನಿಕ್ಸ್ ಉದ್ಯಮಿಗಳ ಸಂಘ 1984ರಲ್ಲಿ ‘ಸೀಬಸ್’ ಎಂಬ ಯೋಜನೆ ಹೂಡಿತು. 1992ರಲ್ಲಿ ಅದು ಮಾನಕವಾಗಿ ಪ್ರಕಟವಾದರೂ ಮನೆಮನೆಯನ್ನು ಮುಟ್ಟಲಿಲ್ಲ. ಆದರೆ ತಂತಿಯೊಳಗಿನ ಮಾತು ಸಾಯಲಿಲ್ಲ. 2001ರ ‘ಹೋಮ್‌ಪ್ಲಗ್’ ಮಾನಕವು ಅದೇ ತಂತಿಯ ಮೇಲೆ ಸೆಕೆಂಡಿಗೆ 1 ಕೋಟಿ 40 ಲಕ್ಷ ಬಿಟ್‌ಗಳನ್ನು ಹರಿಸಹೊರಟಿತು. ಎಕ್ಸ್-10 ಹರಿಸುತ್ತಿದ್ದುದು ಸೆಕೆಂಡಿಗೆ ಅರುವತ್ತು. ಇಟಲಿಯ ಎನೆಲ್ ವಿದ್ಯುತ್ ಕಂಪನಿ 2001ರಿಂದ ಕೆಲವೇ ವರ್ಷಗಳಲ್ಲಿ ಸುಮಾರು ಮೂರು ಕೋಟಿ ಮನೆಗಳ ಮೀಟರುಗಳನ್ನು ವಿದ್ಯುತ್ ತಂತಿಯ ಮೂಲಕವೇ ಓದುವ ವ್ಯವಸ್ಥೆ ಮಾಡಿತು. ಮನೆಯ ದೀಪಗಳ ಆಳ್ವಿಕೆ ಮಾತ್ರ ತಂತಿಯನ್ನು ಬಿಟ್ಟು ಗಾಳಿಗೆ, ಎಂದರೆ ರೇಡಿಯೋ ಅಲೆಗಳಿಗೆ, ಅಲ್ಲಿಂದ ಇಂಟರ್‌ನೆಟ್ಟಿನ ಮೂಲಕ ದೂರದ ಯಾವುದೋ ಕಂಪನಿಯ ಗಣಕಯಂತ್ರಕ್ಕೆ ಏರಿತು. ಮಲಗುವ ಕೋಣೆಯಲ್ಲಿ ‘ದೀಪ ಆರಿಸು’ ಎಂದರೆ ಆ ಮಾತು ನೂರಾರು ಮೈಲಿ ಹೋಗಿ, ಅರ್ಥವಾಗಿ, ಹಿಂದಿರುಗಿ ಬಂದು ಮೂರು ಅಡಿ ದೂರದ ದೀಪವನ್ನು ಆರಿಸುತ್ತದೆ.

ಇದರಿಂದಾದ ಸೌಲಭ್ಯಗಳನ್ನು ನಾವು ಅಲ್ಲಗಳೆಯುವುದಿಲ್ಲ. ನಳಿಕೆ ಊದಬೇಕಾಗಿದ್ದವನು ಇಂದು ಬರಿಯ ಮಾತಿನಿಂದ ಮನೆಯನ್ನು ನಡೆಸಬಲ್ಲ. ಬಿದ್ದ ವೃದ್ಧರ ಸುದ್ದಿ ಮಕ್ಕಳಿಗೆ ಕೂಡಲೇ ಮುಟ್ಟಬಲ್ಲುದು. ಆದರೆ ಇದರೊಡನೆ ಸ್ವಿಚ್ಚಿನ ಒಡೆತನ ಮೆಲ್ಲನೆ ಜಾರಿದೆ. ರಿವಾಲ್ವ್ ಎಂಬ ಹೆಸರಿನ ಗೃಹನಿಯಂತ್ರಣ ಪೆಟ್ಟಿಗೆಯ ಕಂಪನಿಯನ್ನು 2014ರಲ್ಲಿ ಗೂಗಲಿಗೆ ಸೇರಿದ ನೆಸ್ಟ್ ಕೊಂಡುಕೊಂಡಿತು. 2016ರಲ್ಲಿ ಅದರ ಸೇವೆ ನಿಂತಾಗ, ಹಣ ಕೊಟ್ಟು ಕೊಂಡವರ ಪೆಟ್ಟಿಗೆಗಳು ನಿರುಪಯುಕ್ತವಾದವು. ವಿದ್ಯುತ್ ತಂತಿ ಮತ್ತು ರೇಡಿಯೋ ಎರಡನ್ನೂ ಬಳಸುತ್ತಿದ್ದ, ಎಕ್ಸ್-10ರ ಉತ್ತರಾಧಿಕಾರಿಯೆಂದೇ ಹೇಳಬಹುದಾದ ಇನ್‌ಸ್ಟಿಯಾನ್ 2005ರಲ್ಲಿ ಮಾರುಕಟ್ಟೆಗೆ ಬಂದಿತ್ತು. 2022ರ ಏಪ್ರಿಲಿನಲ್ಲಿ ಮುನ್ಸೂಚನೆಯಿಲ್ಲದೆ ಅದರ ಕೇಂದ್ರ ಗಣಕಯಂತ್ರಗಳು ಸ್ತಬ್ಧವಾದವು. ಗೋಡೆಯ ಸ್ವಿಚ್ಚುಗಳು ಕೈಗೆ ಓಗೊಡುತ್ತಿದ್ದವು. ಫೋನಿನ ಆಜ್ಞೆ, ಧ್ವನಿಯ ಆಜ್ಞೆಗಳು ಬಿದ್ದುಹೋದವು. ಅದೇ ಜೂನಿನಲ್ಲಿ ಬಳಕೆದಾರರ ಒಂದು ಗುಂಪೇ ಆ ಕಂಪನಿಯನ್ನು ಕೊಂಡು ಸೇವೆಯನ್ನು ಮತ್ತೆ ಎಬ್ಬಿಸಿತು. ಇದಕ್ಕೆ ಹೋಲಿಸಿ ನೋಡಿ: ಎಕ್ಸ್-10ರ ಹಳೆಯ ಕಂಪನಿ 2013ರಲ್ಲಿ ಬಾಗಿಲು ಮುಚ್ಚಿ, ಹೆಸರು ಬೇರೆಯವರ ಪಾಲಾಯಿತು. ಹಾಗಾದ ಮರುದಿನವೂ 1978ರ ಮಾಡ್ಯೂಲು ತನ್ನ ಮನೆಯ ಗುಂಡಿಯ ಮಾತನ್ನು ಎಂದಿನಂತೆ ಕೇಳುವುದಕ್ಕೆ ಅಡ್ಡಿಯೇನೂ ಇರಲಿಲ್ಲ, ಏಕೆಂದರೆ ಆಜ್ಞೆ ಮನೆಯ ಗೋಡೆಯನ್ನು ದಾಟಿ ಯಾರ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ.

ಈ ವಿಚಾರ ನಮ್ಮೆಲ್ಲರ ಮನೆಗೂ ಸಂಬಂಧಿಸಿದುದು. ಮೈಸೂರಿನಲ್ಲೋ ಧಾರವಾಡದಲ್ಲೋ ಉಡುಪಿಯಲ್ಲೋ ವಯಸ್ಸಾದ ತಂದೆತಾಯಿಗಳು ಇಬ್ಬರೇ ಇರುವ ಮನೆಗಳಿಗೆ ನಾವು ಇಲ್ಲಿಂದ ಕ್ಯಾಮರಾ, ಮಾತು ಕೇಳುವ ದೀಪ, ದೂರದಿಂದ ತೆರೆಯುವ ಬೀಗ ಇತ್ಯಾದಿಗಳನ್ನು ಸೂಟ್‌ಕೇಸಿನಲ್ಲಿ ಒಯ್ಯುತ್ತೇವೆ. ಪ್ರೀತಿಯಿಂದಲೇ ಒಯ್ಯುತ್ತೇವೆ, ಅದರಲ್ಲಿ ಸಂದೇಹವಿಲ್ಲ. ಆದರೆ ಒಂದು ಹಗಲು ನಮ್ಮ ಫೋನಿನಿಂದ ಅವರ ನಡುಮನೆಯ ದೀಪವನ್ನು ಹಚ್ಚಿದಾಗ ಅಲ್ಲಿ ಕುಳಿತ ಹಿರಿಯರಿಗೆ ಏನೆನಿಸುತ್ತದೆಂದು ಕೇಳಿದ್ದೇವೆಯೆ? ಆ ಯುವಕನಿಗೆ ಸಾಧನವು ತನ್ನ ಮನೆಯ ಒಡೆತನವನ್ನು ಮರಳಿಸಿತು. ಅದೇ ಬಗೆಯ ಸಾಧನ, ತಿರುಗಿಸಿ ಹಿಡಿದರೆ, ಇದ್ದ ಒಡೆತನವನ್ನು ಕಸಿದುಕೊಳ್ಳಲೂಬಹುದು. ತಂತ್ರದಲ್ಲಿ ವ್ಯತ್ಯಾಸವಿಲ್ಲ; ವ್ಯತ್ಯಾಸವಿರುವುದು ಗುಂಡಿ ಯಾರ ಬಳಿ ಇದೆ ಎಂಬುದರಲ್ಲಿ.

ವೈದ್ಯರು ಚೀಟಿ ಬರೆಯದೆ ಏಳುವುದು ರೂಢಿಯಲ್ಲ. ಆದುದರಿಂದ ಮೂರು ಸೂಚನೆಗಳನ್ನು ಬರೆದುಕೊಡುತ್ತೇವೆ. ಮೊದಲನೆಯದು: ಎಂತಹ ಯಂತ್ರ ತಂದರೂ ಗೋಡೆಯ ಹಳೆಯ ಸ್ವಿಚ್ಚು ಮೊದಲಿನಂತೆಯೇ ಕೆಲಸ ಮಾಡಬೇಕು, ಅಜ್ಜಿಯ ಬೆರಳಿಗೆ ಅರುವತ್ತು ವರ್ಷಗಳಿಂದ ಗೊತ್ತಿರುವ ಸ್ಥಳ ಅದು. ಎರಡನೆಯದು: ಇಂಟರ್‌ನೆಟ್ಟು ಕಡಿದಾಗಲೂ, ಕರೆಂಟು ಹೋಗಿ ಬಂದಾಗಲೂ ಮನೆ ತನ್ನ ದಿನಚರಿಯನ್ನು ತಾನೇ ನಡೆಸಿಕೊಳ್ಳಬಲ್ಲ ವ್ಯವಸ್ಥೆಯನ್ನು ಆರಿಸಬೇಕು. ಕೊಳ್ಳುವ ಮುನ್ನ ತಂತಿ ಕಿತ್ತು ಪರೀಕ್ಷಿಸಬೇಕು. ಇಲ್ಲಿಯ 120 ವೋಲ್ಟಿಗೆ ಮಾಡಿದ ಉಪಕರಣ ಅಲ್ಲಿಯ 230 ವೋಲ್ಟಿಗೆ ಸಲ್ಲದೆಂಬುದನ್ನೂ ಮರೆಯಬಾರದು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಆ ಮನೆಯಲ್ಲಿ ವಾಸಿಸುವವರನ್ನು ಕೇಳದೆ ಏನನ್ನೂ ಹೂಡಬಾರದು, ಬೇಡವೆನಿಸಿದಾಗ ಆರಿಸುವ ವಿಧಾನವನ್ನು ಅವರಿಗೆ ಮೊದಲ ದಿನವೇ ಕಲಿಸಿಕೊಡಬೇಕು. ರೋಗಿಯ ಒಪ್ಪಿಗೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಹಿರಿಯರ ಮನೆಯ ವಿಷಯದಲ್ಲಿಯೂ ಅದೇ ನಿಯಮ ಇರಲಿ ಎಂಬುದು ನಮ್ಮ ವಿನಂತಿ.

ಈ ಸಭೆಯಲ್ಲಿ ತಂತಿ, ತರಂಗಗಳನ್ನು ನಮಗಿಂತ ಚೆನ್ನಾಗಿ ಬಲ್ಲ ಮಿತ್ರರು ಅನೇಕರಿದ್ದಾರೆ. ಅವರಲ್ಲಿ ಯಾರಾದರೂ ಬಿಡುವಿನ ವೇಳೆಯಲ್ಲಿ ನಮ್ಮ ಕೂಟದ ಹಿರಿಯ ಸದಸ್ಯರ ಮನೆಗಳಿಗೆ ಹೋಗಿ, ಅವರ ಕೈಗೆ ಎಟುಕದ ಒಂದು ದೀಪವನ್ನು ಎಟುಕುವಂತೆ ಮಾಡಿಕೊಟ್ಟರೆ ಇಂದಿನ ಈ ಮಾತುಗಳು ಸಾರ್ಥಕವಾದಂತೆ.